ಚೆಂಡಿಯಾದ ಕಲೆಕ್ಟರು

ಕಾರವಾರ ಜಿಲ್ಲಾ ಕೇಂದ್ರ. ಹಾಗಾಗಿ ಅಲ್ಲೊಬ್ಬರು ಕಲೆಕ್ಟರು ಇದ್ದಾರೆ. ಅವರಿಗೆ ಕಚೇರಿಯಿದೆ, ಕಾರಿದೆ, ಬಾಗಿಲಲ್ಲಿ ಪೇದೆಯಿದ್ದಾನೆ. ಅಲ್ಲಿಂದ ಅಂಕೋಲೆಯ ಕಡೆ ಹೊರಟು ಬಿಣಗಾ, ಅರಗಾ ದಾಟಿದರೆ ಚೆಂಡಿಯಾ. ಅಲ್ಲೂ ಒಬ್ಬರು ಕಲೆಕ್ಟರು ಇದ್ದಾರೆ. ಅವರಿಗೆ ಒಂದು ಬಿಸ್ಕೀಟು ಡಬ್ಬಿಯಿದೆ, ಒಂದು ಭೂತಗನ್ನಡಿಯಿದೆ, 86 ವರ್ಷದ ತಾಯಿಯಿದ್ದಾಳೆ. ಈ ಎರಡನೆಯ ಕಲೆಕ್ಟರು ನನ್ನ ಭಾವ, ಸೋದರತ್ತೆಯ ಮಗ. ಭಾವನೆಂದ ಮೇಲೆ ಗೇಲಿ ಮಾಡುವುದು ನನ್ನ ಹಕ್ಕು, ಸಹಿಸುವುದು ಅವನ ಧರ್ಮ. ಈ ಬರಹ ಆ ಹಕ್ಕಿನ ಚಲಾವಣೆಯಷ್ಟೆ.

ಭಾವ 32 ವರ್ಷ ಒಂದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಪರರ ದುಡ್ಡು ಎಣಿಸಿದವನು. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಹತ್ತು ಹೊಡೆಯುತ್ತಲೂ ಅವನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೇ ಆಡತೊಡಗಿದವಂತೆ. ಎಣಿಸಲಿಕ್ಕೆ ಏನಾದರೂ ಬೇಕಲ್ಲ! ಅಂಗಳದಲ್ಲಿ ತೆಂಗಿನಮರ ಎಣಿಸಿದ, ಏಳಕ್ಕೆ ಮುಗಿಯಿತು. ಆಮೇಲೆ ನಾಣ್ಯಕ್ಕೆ ಇಳಿದ. ಆಗಲೇ ಅತ್ತೆಯ ಹತ್ತಿರ, “ಆಯೀ, ನಾನೀಗ ಕಲೆಕ್ಟರು” ಎಂದು ಹೇಳಿದ್ದು. ಅತ್ತೆ ಅದನ್ನು ಮೀನು ಮಾರಲು ಬಂದವಳಿಗೆ ಹೇಳಿದಳು. ಅವಳು ಬುಟ್ಟಿಯೊಂದಿಗೆ ಅದನ್ನೂ ಹೊತ್ತು ತೋಡೂರಿನವರೆಗೆ ಹಂಚಿದಳು. ಸಂಜೆಯೊಳಗೆ ಇಬ್ಬರು ಜಮೀನಿನ ತಕರಾರು ಹಿಡಿದುಕೊಂಡು ಮನೆಗೆ ಬಂದಿದ್ದರು.

ಮೊದಮೊದಲು ಭಾವ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದ. ಗಲ್ಫಿನಿಂದ ರಜೆಗೆ ಬಂದವರ ದಿರ್ಹಮ್, ಹಡಗಿನಲ್ಲಿ ದುಡಿಯುವವರು ತಂದ ಸಿಂಗಾಪುರದ ಸೆಂಟು, ಗೋಕರ್ಣಕ್ಕೆ ಬಂದ ಬಿಳಿಯನೊಬ್ಬ ಚಹಾಕ್ಕೆ ಕೊಟ್ಟು ಹೋದ ಯೂರೋ, ಯಾರದೋ ಅಟ್ಟದ ತೂತಿನ ದುಡ್ಡು. ಡಬ್ಬಿ ಅಲುಗಿಸಿದರೆ ವಿಶ್ವಸಂಸ್ಥೆಯ ಸಭೆಯ ಹಾಗೆ ಸದ್ದು. ಒಮ್ಮೆ ಮುಂಬೈಗೆ ಹೋದಾಗ ಹಳೇ ನಾಣ್ಯದ ವ್ಯಾಪಾರಿಯೊಬ್ಬನಿಗೆ ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದನಂತೆ. ಅವನು ಒಳಗೆ ಬೆರಳಾಡಿಸಿ, “ಸಾಹೇಬರೇ, ಇದು ಸಂಗ್ರಹವಲ್ಲ, ಚಿಲ್ಲರೆ” ಅಂದ. “ಒಂದೇ ದೇಶ ಹಿಡೀರಿ. ಬುಡದವರೆಗೂ ಹೋಗಿ.”

ಆ ಮಂತ್ರ ಹೊತ್ತು ಭಾವ ಊರಿಗೆ ಬಂದ. ಯಾವ ದೇಶ ಎಂಬ ವಿಷಯದಲ್ಲಿ ಜಗಲಿಯ ಮೇಲೆ ಮಹಾಸಭೆ ನಡೆಯಿತು. ಅತ್ತೆಯ ಅಭಿಪ್ರಾಯ ಸರಳ: “ನಮ್ಮ ದೇಶದ್ದೇ ಕೂಡಿಡಾ. ಎಷ್ಟು ಕೂಡಿಟ್ರೂ ಅಂಗಡಿಯಲ್ಲಿ ನಡೀತದೆ.” ನಾನು ಜಪಾನ್ ಅಂದೆ, ಅದರಲ್ಲಿ ಹುಟ್ಟುವಾಗಲೇ ತೂತಿರುವ ನಾಣ್ಯಗಳಿವೆ, ಪೋಣಿಸಿ ಇಡಲು ಅನುಕೂಲ. ಭಾವ ಎಲ್ಲರನ್ನೂ ಕೇಳಿಸಿಕೊಂಡು, ಕೌಂಟರ್ ಮುಚ್ಚುವವನ ಗತ್ತಿನಲ್ಲಿ ಘೋಷಿಸಿದ: “ಈಗ ಇಲ್ಲದ ದೇಶ.”

ಪೋರ್ತುಗೀಸ್ ಇಂಡಿಯಾ. 1505ಕ್ಕೆ ಶುರು, 1961ಕ್ಕೆ ಮುಕ್ತಾಯ. ಇರುವ ದೇಶಗಳ ಟಂಕಸಾಲೆಗಳು ವರ್ಷವರ್ಷ ಹೊಸ ನಾಣ್ಯ ಹಾಕುತ್ತಲೇ ಇರುತ್ತವೆ, ಆ ಪಟ್ಟಿಗೆ ಕೊನೆಯಿಲ್ಲ; ಮುಗಿದ ದೇಶದ್ದಾದರೆ ಒಂದಲ್ಲ ಒಂದು ದಿನ ಲೆಕ್ಕ ತಾಳೆಯಾಗುತ್ತದೆ ಎಂಬುದು ಕ್ಯಾಶಿಯರನ ತರ್ಕ. ಮೇಲಾಗಿ ಅದು ನಮಗೆ ಬಿಣಗಾ ಘಟ್ಟದ ತಿರುವಿನಿಂದ ಕಾಣುವ ದೇಶ. ಅಂಜುದೀವ ದ್ವೀಪ ಇರುವುದು ನಮ್ಮೆದುರು, ಲೆಕ್ಕದಲ್ಲಿ ಮಾತ್ರ ಇವತ್ತಿಗೂ ಗೋವಾದ್ದು. ವಾಸ್ಕೋ ಡ ಗಾಮಾ 1498ರಲ್ಲಿ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ತುಗೀಸ್ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ.

“ಹಾಗಾದರೆ ಕದಂಬರದ್ದೂ ಸೇರಿಸು” ಎಂದು ನಾನು ಕೆಣಕಿದೆ. ಪೋರ್ತುಗೀಸರಿಗಿಂತ ಎಷ್ಟೋ ಮೊದಲು ಗೋವಾದ ಕದಂಬರು ಸಿಂಹದ ಮುದ್ರೆಯ ಬಂಗಾರದ ಗದ್ಯಾಣ ಹಾಕಿಸಿದ್ದರು, ಅದರ ಮೇಲೆ ಸಪ್ತಕೋಟೀಶ್ವರನ ವರಪ್ರಸಾದದ ಮಾತಿದೆ. ಮಡಗಾಂವಿಗೆ ಹೋಗುವ ಬಸ್ಸಿನ ಹೆಸರೂ ಕದಂಬ, ನಮ್ಮ ಪಕ್ಕದ ನೌಕಾನೆಲೆಯ ಹೆಸರೂ ಕದಂಬ. ಭಾವ ಕೈ ಅಡ್ಡ ಮಾಡಿದ. “ಅದು ಬೇರೆ ದೇಶ. ಒಂದೇ ಅಂದ್ರೆ ಒಂದೇ.” ಬಂಗಾರದ ದರ ನೋಡಿ ಹಾಗಂದನೋ ಸಿದ್ಧಾಂತಕ್ಕೆ ಕಟ್ಟುಬಿದ್ದನೋ, ಅವನೂ ಅವನ ಪಿಂಚಣಿಯೂ ಬಲ್ಲವು.

ಅಲ್ಲಿಂದ ನಮ್ಮ ಜಗಲಿಗೆ ಚರಿತ್ರೆಯ ಕಾಟ ಸುರುವಾಯಿತು. ಮೊದಲೆಲ್ಲ ಬಂಗಡೆಯ ದರ, ಕರಿ ಇಶಾಡ ಮಾವಿನ ಫಸಲು, ಯಾರ ಮಗಳಿಗೆ ಎಲ್ಲಿ ಗೊತ್ತಾಯಿತು, ಇಷ್ಟರಲ್ಲೇ ಸಂಜೆ ಕಳೆಯುತ್ತಿತ್ತು. ಈಗ ಪೋರ್ತುಗೀಸರ ದಂಡನಾಯಕ ಅಲ್ಬುಕರ್ಕ್. ಹೊನ್ನಾವರದ ಕಡೆಯ ತಿಮ್ಮಯ್ಯ ಅವನಿಗೆ, ಬೇರೆಲ್ಲೋ ಯಾಕೆ ಹೋಗುತ್ತೀ, ಗೋವಾ ಹಿಡಿ ಎಂದು ದಾರಿ ತೋರಿಸಿದ. ಪೋರ್ತುಗೀಸರ ಬಾಯಲ್ಲಿ ತಿಮೋಜ ಆದವನು ಅವನೇ. 1510ರಲ್ಲಿ ಗೋವಾ ಹಿಡಿದ ಅಲ್ಬುಕರ್ಕ್ ಸುಮ್ಮನೆ ಕೂರಲಿಲ್ಲ, ಆ ವರ್ಷವೇ ನಾಣ್ಯ ಹಾಕಿಸಿದ. ನಡುವೆ ಊರು ಕೈತಪ್ಪಿ, ಮತ್ತೆ ಕೈಸೇರಿದ್ದು ನವೆಂಬರ್ 25ಕ್ಕೆ, ಸಂತ ಕ್ಯಾಥರೀನಳ ಹಬ್ಬದ ದಿನ. ಆ ಸಂತಳ ಚಕ್ರ ಮುಂದೆ ಗೋವಾದ ನಾಣ್ಯಗಳ ಮೇಲೆ ಬಂದು ಕೂತಿತು. ಭಾವನ ಹತ್ತಿರ ಅಂಥದ್ದೊಂದು ಇದೆ. ಸವೆದು ಸವೆದು ಚಕ್ರವೋ ಚಕ್ಕುಲಿಯೋ ತಿಳಿಯುವುದಿಲ್ಲ.

ಅಲ್ಬುಕರ್ಕ್ ತನ್ನ ತಾಮ್ರದ ನಾಣ್ಯಕ್ಕೆ ‘ಲೆಯಾಲ್’ ಎಂಬ ಅಂದದ ಹೆಸರಿಟ್ಟ. ಸಂತೆಯ ಬಾಯಲ್ಲಿ ಅದು ನಿಲ್ಲಲಿಲ್ಲ. ಜನ ಅದನ್ನು ಬಜಾರುಕೊ ಎಂದರು. ಈ ಬಜಾರುಕೊ ಎಲ್ಲಿಂದ ಬಂತು ಎಂಬುದರ ಬಗ್ಗೆ ವಿದ್ವಾಂಸರ ಜಗಳ ತೀರಿಲ್ಲ. ಬಜಾರಿಗೆ ಕನ್ನಡದ ‘ರೂಕ’ವೋ ‘ರೊಕ್ಕ’ವೋ ಸೇರಿ ಆಗಿರಬಹುದು ಎಂಬ ವಾದವೂ ಉಂಟು, 1886ರ ಹಾಬ್ಸನ್-ಜಾಬ್ಸನ್ ನಿಘಂಟು ಅದನ್ನು ಎತ್ತಿ ಹೇಳಿದೆ. ಇದನ್ನು ಓದಿದ ದಿನ ಭಾವ ಜಗಲಿಯಿಂದ ಹಾರಿ ಅಡಿಗೆಮನೆಗೆ ಓಡಿದ. “ಆಯೀ, ಬಜಾರ್ ರೊಕ್ಕ!” ಅತ್ತೆ ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಚೀಲ ಬಿಚ್ಚುತ್ತ, “ಎಷ್ಟು ಬೇಕಾ? ನಿನ್ನೆ ಕೊಟ್ಟದ್ದು ತೀರ್ತಾ?” ಎಂದಳು.

ಈ ಬಜಾರ್ ರೊಕ್ಕ ನಡೆದ ದಾರಿ ನೋಡಿ. ಮುಂಬೈಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಪೋರ್ತುಗೀಸರು ಊರು ಬಿಟ್ಟುಕೊಡಲು ತಕರಾರು ತೆಗೆದಾಗ, ಆ ಪಡೆ 1660ರ ದಶಕದಲ್ಲಿ ಕಾದು ಕೂತದ್ದು ನಮ್ಮ ಅಂಜುದೀವದಲ್ಲೇ. ಕಾದವರಲ್ಲಿ ಹೆಚ್ಚಿನವರು ರೋಗಕ್ಕೆ ಸತ್ತರು, ಅವರ ನಾಯಕ ಶಿಪ್‌ಮನ್ 1664ರಲ್ಲಿ ಅಲ್ಲೇ ಮಣ್ಣಾದ. ಉಳಿದವರು ಮುಂಬೈ ಮುಟ್ಟಿದರು. ಮುಂದೆ ಅಲ್ಲಿ ಇಂಗ್ಲಿಷರು ಮೊದಮೊದಲು ಹಾಕಿಸಿದ ನಾಣ್ಯಗಳಲ್ಲಿ ಚಿಲ್ಲರೆಯ ಹೆಸರು ‘ಬಜ್ರೂಕ್’! ಇಂಗ್ಲಿಷರು ಪೋರ್ತುಗೀಸರಿಂದ ಪಡೆದ ಹೆಸರು. ಪೋರ್ತುಗೀಸರು ಸಂತೆಯಿಂದ ಪಡೆದದ್ದು. ಸಂತೆಯವರು ಪ್ರಾಯಶಃ ನಮ್ಮ ಅತ್ತೆಯ ಎಲೆಯಡಿಕೆ ಚೀಲದಿಂದ ಪಡೆದದ್ದು.

ಒಂದು ಎಳೆ ಹಿಡಿದು ಎಳೆದರೆ ಬಲೆಯೇ ಬಂತು. ಗೋವಾದಲ್ಲಿ ‘ಪರ್ದಾವ್’ ಎಂಬ ನಾಣ್ಯವಿತ್ತಲ್ಲ, ಅದು ವಿಜಯನಗರದ ‘ಪ್ರತಾಪ’. ನಮ್ಮ ವರಹಗಳೆಲ್ಲ ಪೋರ್ತುಗೀಸರ ಬಾಯಲ್ಲಿ ಪರ್ದಾವ್ ಆದವು. ಕೃಷ್ಣದೇವರಾಯನ ರಾಜಧಾನಿ ಕಂಡು ಬೆರಗಾದ ಡೊಮಿಂಗೋ ಪಾಯಸ್ ಅಲ್ಲಿನ ಐಶ್ವರ್ಯವನ್ನು ಲೆಕ್ಕ ಹಾಕಿದ್ದೂ ಪರ್ದಾವ್‌ಗಳಲ್ಲೇ. ‘ಶೆರಾಫಿಮ್’ ಅಂದರೆ ಅಶ್ರಫಿ. ‘ತಾಂಗ’ ಅಂದರೆ ಟಂಕ, ನಮ್ಮ ಟಂಕಸಾಲೆಯ ಟಂಕ. 60 ರೇಯಿಸ್‌ಗೆ ಒಂದು ತಾಂಗ, 5 ತಾಂಗಕ್ಕೆ ಒಂದು ಶೆರಾಫಿಮ್. ಆಮೇಲೆ ಬಂದ ‘ರುಪಿಯಾ’ಕ್ಕೆ 16 ತಾಂಗ, ನಮ್ಮ 16 ಆಣೆಯ ಹಾಗೇ.

“ಅಲ್ಲ ಭಾವ, ಹೆಸರು ಪ್ರತಾಪದ್ದು, ಟಂಕದ್ದು, ಅಶ್ರಫಿಯದ್ದು, ರೂಪಾಯಿದು. ಅವರ ಸ್ವಂತದ್ದು ಅಂತ ಏನಿದೆ ಇದರಲ್ಲಿ?”

ಭಾವ ಭೂತಗನ್ನಡಿಯಿಂದ ಕಣ್ಣು ತೆಗೆಯದೇ ಹೇಳಿದ: “ರಾಜನ ಮೋರೆ.”

ಆ ಮೋರೆಯ ಕಥೆಯೂ ಇದೆ. ಭಾವನ ಸಂಗ್ರಹದ ಪಟ್ಟದಾನೆಯೆಂದರೆ 1881ರ ಬೆಳ್ಳಿ ರುಪಿಯಾ. ಒಂದು ಮಗ್ಗುಲಿಗೆ ದೊರೆ ಲೂಯಿಸನ ಮುಖ, ಇನ್ನೊಂದಕ್ಕೆ ಇಂಡಿಯಾ ಪೋರ್ತುಗೇಜಾ ಎಂಬ ಬರಹ. ಅದನ್ನು ಅಚ್ಚು ಹಾಕಿದ್ದು ಲಿಸ್ಬನ್ನಿನಲ್ಲೂ ಅಲ್ಲ, ಪಣಜಿಯಲ್ಲೂ ಅಲ್ಲ. ಕಲ್ಕತ್ತೆಯಲ್ಲಿ! ಬ್ರಿಟಿಷರ ಟಂಕಸಾಲೆಯಲ್ಲಿ, ಬ್ರಿಟಿಷ್ ರೂಪಾಯಿಯದೇ ತೂಕದಲ್ಲಿ, 11.66 ಗ್ರಾಂ. ಕಾರಣ ಉಪ್ಪು. 1878ರ ಒಪ್ಪಂದದಲ್ಲಿ ಬ್ರಿಟಿಷರು ಗೋವಾದ ಉಪ್ಪಿನ ಹಿಡಿತ ತಮ್ಮ ಕೈಗೆ ತೆಗೆದುಕೊಂಡು, ಬದಲಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡುವುದೆಂದಾಯಿತು. ರೂಪಾಯಿಯ ಅಳತೆಯೂ ಅದರ ಜೊತೆಗೇ ಬಂತು. ಗೋವಾದ ಆಗರಗಳ ಸೊಂಟ ಮುರಿಯಿತು, 1892ಕ್ಕೆ ಒಪ್ಪಂದವೂ ಮುರಿಯಿತು, ನಾಣ್ಯ ಮಾತ್ರ ಉಳಿಯಿತು. ಅದೇ ಬ್ರಿಟಿಷರ ಅದೇ ಉಪ್ಪಿನ ಕಾನೂನನ್ನು 1930ರ ಏಪ್ರಿಲ್‌ನಲ್ಲಿ ಮುರಿದದ್ದು ಯಾರು? ನಮ್ಮ ಅಂಕೋಲೆಯವರು. ಭಾವ ಈಗ ಗಂಜಿಗೆ ಉಪ್ಪು ಕಡಿಮೆಯಾದರೂ 1878ರ ಒಪ್ಪಂದ ಎತ್ತುತ್ತಾನೆ. ಅತ್ತೆ ಉಪ್ಪಿನ ಮರಿಗೆಯನ್ನು ಅವನ ಎದುರಿಗೆ ಇಟ್ಟು, “ತಕೋ, ಒಪ್ಪಂದ” ಎನ್ನುತ್ತಾಳೆ.

1910ರಲ್ಲಿ ಪೋರ್ತುಗಲ್ಲಿನಲ್ಲಿ ರಾಜನ ಕಾಲ ಮುಗಿದು ಗಣರಾಜ್ಯವಾಯಿತು. 1912ರ ರುಪಿಯಾದ ಮೇಲೆ ರಾಜನಿಲ್ಲ, ಹೆಣ್ಣಿನ ಮುಖವಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು, “ಇವಳ್ಯಾರಾ?” ಅಂತ ಕೇಳಿದಳು. ಸ್ವಾತಂತ್ರ್ಯ, ಗಣರಾಜ್ಯ ಎಂದು ಭಾವ ಪಾಠ ತೆಗೆದ. ಅತ್ತೆ ಅರ್ಧದಲ್ಲೇ ತಡೆದಳು. “ಗೊತ್ತಾಯ್ತು ಬಿಡು. ಯಜಮಾನ ಹೋದ ಮೇಲೆ ಮನೆ ನಡೆಸಿದವಳು.” ಗಣರಾಜ್ಯಕ್ಕೆ ಇಷ್ಟು ಚಿಕ್ಕ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಷ್ಟು ಜಾಣೆ ಅತ್ತೆಯಿಂದಲೇ ಮಹಾಪರಾಧವೂ ನಡೆಯಿತು. ದೀಪಾವಳಿಗೆ ನೀರು ತುಂಬುವ ಸಂಜೆ. ಅತ್ತೆ ತಾಮ್ರದ ಹಂಡೆಯನ್ನು ಹುಣಸೆಹುಳಿ, ಬೂದಿ ಹಾಕಿ ಫಳಫಳ ತಿಕ್ಕಿಟ್ಟಿದ್ದಳು. ಹುಳಿ ಸ್ವಲ್ಪ ಉಳಿಯಿತು. ಜಗಲಿಯ ಮೇಲೆ ಭಾವ ಒಣಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ, ದೊರೆ ಕಾರ್ಲೋಸನ ಮುಖವಿರುವ 1901ರ ಕಾಲು ತಾಂಗಗಳು ಕಪ್ಪಿಟ್ಟು ಕೂತಿದ್ದವು. ಹಬ್ಬದ ದಿನ ಮನೆಯಲ್ಲಿ ಕಪ್ಪು ಮೋರೆ ಯಾಕೆಂದು ಅತ್ತೆ ಅವುಗಳನ್ನೂ ತಿಕ್ಕಿಬಿಟ್ಟಳು. ಭಾವ ಸ್ನಾನ ಮುಗಿಸಿ ಬಂದು ನೋಡುತ್ತಾನೆ, ನೂರು ವರ್ಷ ಗಾಳಿ ಉಂಡು ಬೆಳೆದ ಕಂದು ಬಣ್ಣ ಚರಂಡಿಗೆ ಹೋಗಿದೆ. ಕಾರ್ಲೋಸ್ ಹೊಸ ಮದುಮಗನ ಹಾಗೆ ಹೊಳೆಯುತ್ತಿದ್ದಾನೆ. ತಿಕ್ಕಿದ ನಾಣ್ಯ ಸಂಗ್ರಾಹಕರ ಪಾಲಿಗೆ ಕೆಟ್ಟ ನಾಣ್ಯ. ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ. ಅದನ್ನು ಅತ್ತೆಗೆ ತಿಳಿಸುವುದು ಹೇಗೆ? “ಕೊಳೆ ಇದ್ರೆ ಬೆಲೆ ಜಾಸ್ತಿಯಾ?” ಎಂದು ಅವಳು ಕೇಳಿದ ಪ್ರಶ್ನೆಗೆ ಭಾವ ಇನ್ನೂ ಉತ್ತರ ಹುಡುಕುತ್ತಿದ್ದಾನೆ. ಆ ದೀಪಾವಳಿಯಿಂದ ನಾಣ್ಯದ ಪೆಟ್ಟಿಗೆಗೆ ಬೀಗ ಬಂದಿದೆ. ಕಳ್ಳರಿಗಾಗಿ ಅಲ್ಲ.

ಕಲೆಕ್ಟರ್ ಎಂಬ ಹೆಸರು ಹಬ್ಬಿದ ಮೇಲೆ ಬರುವವರೂ ಹೆಚ್ಚಾದರು. ಒಬ್ಬ ಕರವಸ್ತ್ರದಲ್ಲಿ ಕಟ್ಟಿ 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ-ಸೀತೆಯರ ಅರ್ಧಾಣೆ ತಂದು, ಇದಕ್ಕೆ ಲಕ್ಷ ಬರುತ್ತದಂತೆ ಎಂದ. ಕಂಪನಿ ಅಂಥ ಅರ್ಧಾಣೆ ಹಾಕಿಸಿದ್ದೇ ಇಲ್ಲ. ಅವೆಲ್ಲ ಯಾರೋ ಜಾತ್ರೆಗೆ ಮಾಡಿದ ಬಿಲ್ಲೆಗಳು. ಇನ್ನೊಬ್ಬ ಕತ್ತಲಾದ ಮೇಲೆ ಬಂದು, ಅಕ್ಕಿ ಎಳೆಯುವ ನಾಣ್ಯ ಇದೆಯಾ ಎಂದು ಪಿಸುಗುಟ್ಟಿದ. ಅತ್ತೆ ಒಳಗಿಂದ, “ಇಲ್ಲಿ ಅಕ್ಕಿಯೇ ನಾಣ್ಯ ಎಳೀತದೆ, ಕಿಲೋಕ್ಕೆ ಅರವತ್ತು” ಎಂದಳು. ಮೂರನೆಯವನಿಗೆ ಹಿತ್ತಲು ಅಗೆಯುವಾಗ ಏನೋ ಸಿಕ್ಕಿತ್ತಂತೆ. ಅದನ್ನು ಕಲೆಕ್ಟರಿಗೆ ಒಪ್ಪಿಸಬೇಕೆಂದು ಯಾರೋ ಹೇಳಿದ್ದರು, ಒಪ್ಪಿಸಲು ಬಂದಿದ್ದ. ಭಾವ ಗಾಬರಿಯಾದ. ಮಣ್ಣಲ್ಲಿ ಹುದುಗಿದ್ದ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬಾಳಿದರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾನೂನು ನಿಜಕ್ಕೂ ಬಂದಿತ್ತು, ಅದೂ ಆ ಉಪ್ಪಿನ ಒಪ್ಪಂದದ ವರ್ಷವೇ, 1878ರಲ್ಲಿ. “ಆ ಕಲೆಕ್ಟರು ಕಾರವಾರದಲ್ಲಿ ಇರೋದು ಮಾರಾಯಾ, ನಾನು ಬರೀ ಚೆಂಡಿಯಾಕ್ಕೆ” ಎಂದು ಕೈಮುಗಿದು ಕಳಿಸಿದ.

ತನ್ನ ಮಾಲಿಗಾಗಿ ಭಾವ ಮಡಗಾಂವಿಗೆ ಓಡಾಡುತ್ತಾನೆ. ಗೋವಾದಿಂದ ಬರುವವನ ಚೀಲದೊಳಗೆ ಝಣ್ ಎಂದರೆ ಗಡಿಯಲ್ಲಿ ನಿಂತವರಿಗೆ ಅದಕ್ಕೆ ಒಂದೇ ಅರ್ಥ. ಒಮ್ಮೆ ಇಳಿಸಿ ಚೀಲ ಬಿಚ್ಚಿಸಿದರಂತೆ. ಒಳಗೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ತಾಂಗ, ಅರ್ಧ ತಾಂಗ, ರುಪಿಯಾ. ತಪಾಸಣೆಯವನ ಮುಖ ಇಳಿಯಿತು. “ಇಷ್ಟೇನಾ?” ಎಂದು ಕರುಣೆಯಿಂದ ಬಿಟ್ಟ. ಬಾಟಲಿ ಹಿಡಿದಿದ್ದರೂ ಭಾವನಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಈ ಗಡಿಯ ಬಿಗಿ ಒಂದು ಕಾಲಕ್ಕೆ ಬೇರೆಯೇ ಇತ್ತು. 1955ರ ಹೊತ್ತಿಗೆ ಭಾರತ ಗೋವಾದ ದಾರಿಗಳನ್ನು ಮುಚ್ಚಿತ್ತು. ದಾರಿ ಮುಚ್ಚಿದರೆ ಕಡಲು ಮುಚ್ಚುತ್ತದೆಯೇ? ಆ ವರ್ಷಗಳಲ್ಲಿ ನಮ್ಮ ಕಡೆಯ ಕೆಲವು ಮಣಿಕಟ್ಟುಗಳಲ್ಲಿ ವಿದೇಶಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಯಾರ ಮನೆಯದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮದುವೆ ಕರೆಯ ಪಟ್ಟಿಯಲ್ಲಿ ಅರ್ಧ ಹೆಸರು ಕಡಿಮೆಯಾಗುತ್ತದೆ. ಅತ್ತ ಲಿಸ್ಬನ್ ಸರ್ಕಾರ ಗೋವಾದ ಹಣವನ್ನೇ ಬದಲಿಸಿತು. ರುಪಿಯಾ ಹೋಗಿ ಎಸ್ಕುದೊ, ತಾಂಗ ಹೋಗಿ ಸೆಂತಾವೊ. ಒಂದು ರುಪಿಯಾಕ್ಕೆ 6 ಎಸ್ಕುದೊ, ಅಂದರೆ 600 ಸೆಂತಾವೊ. 1958ರ ಇಸವಿ ಹಾಕಿದ ಹೊಸ ನಾಣ್ಯಗಳು ಬಂದವು. ಒಂದು ತಾಂಗಕ್ಕೆ ಮೂವತ್ತೇಳೂವರೆ ಸೆಂತಾವೊ ಎಂಬ ಲೆಕ್ಕ ಮಾಡಿ ಮೀನು ಕೊಂಡವರ ಪಾಡು ಏನೋ! ನಮ್ಮವರೂ ಆಗಷ್ಟೇ, 1957ರಲ್ಲಿ, ಆಣೆ ಬಿಟ್ಟು ನಯಾಪೈಸೆಗೆ ಹೊರಳಿ ಒದ್ದಾಡುತ್ತಿದ್ದರು. ಗಡಿಯ ಎರಡೂ ಬದಿ ಬೆರಳು ಮಡಚುವವರದೇ ರಾಜ್ಯ.

ನಾನೂರೈವತ್ತು ವರ್ಷದಿಂದ ಇದ್ದವರು ಇನ್ನೂ ನಾನೂರೈವತ್ತು ವರ್ಷ ಇರುವವರ ಹಾಗೆ ಹೊಸ ನಾಣ್ಯ ಹಾಕಿಸಿದರು. ಅದು ನಡೆದದ್ದು ಮೂರೇ ವರ್ಷ. 1961ರ ಡಿಸೆಂಬರ್ 18ರಂದು ಅಂಜುದೀವದ ಕಡೆ ಸದ್ದು ಕೇಳಿತು. “ಗುಡುಗಿನ ಕಾಲ ಅಲ್ಲ, ಆದ್ರೂ ಗುಡುಗ್ತು” ಎನ್ನುತ್ತಾಳೆ ಅತ್ತೆ. ಆ ಸಣ್ಣ ದ್ವೀಪವನ್ನು ಬಿಡಿಸಿಕೊಳ್ಳುವಾಗ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. ಮರುದಿನಕ್ಕೆ ಗೋವಾ ಬಿಡುಗಡೆಯಾಯಿತು. ಈ ಮಾತು ಬಂದಾಗ ಮಾತ್ರ ನಾನೂ ಭಾವನೂ ಗೇಲಿ ನಿಲ್ಲಿಸುತ್ತೇವೆ.

ಭಾವನ ಪಟ್ಟಿಯ ಕೊನೆಯ ಸಾಲು ಇದೇ ವರ್ಷದ್ದು: 1961ರ 10 ಸೆಂತಾವೊ. ಕಂಚಿನ ಚೂರು, 60 ಕೂಡಿಸಿದರೆ ಒಂದು ರೂಪಾಯಿ. ಬಂಗಾರದ್ದಲ್ಲ, ಬೆಳ್ಳಿಯದ್ದಲ್ಲ, ಲಕ್ಷ ಬೆಲೆಯದ್ದೂ ಅಲ್ಲ. ಆದರೆ ಭಾವನಿಗೆ ಅದು ಅಂಗಡಿಯಿಂದ ಬರಬಾರದಾಗಿತ್ತು. ನಮ್ಮೂರ ಯಾವುದಾದರೂ ಮನೆಯಲ್ಲೇ ಸಿಗಬೇಕೆಂಬ ಹಟ. ಬೈತಖೋಲ, ಮಾಜಾಳಿ, ಸದಾಶಿವಗಡದ ಅಟ್ಟಗಳನ್ನೆಲ್ಲ ಜಾಲಾಡಿದ. 1958 ಸಿಕ್ಕಿತು, 59 ಸಿಕ್ಕಿತು, 61 ಇಲ್ಲ.

ಮೊನ್ನೆ ಮಳೆ ಹಿಡಿದ ಮಧ್ಯಾಹ್ನ ಅತ್ತೆ ತನ್ನ ಹಳೇ ಟ್ರಂಕು ಬಿಚ್ಚಿ ಸೀರೆಗಳಿಗೆ ಗಾಳಿ ಆಡಿಸುತ್ತಿದ್ದಳು. ತಳದಲ್ಲಿ ಒಂದು ಪುಟ್ಟ ಗಂಟು. ಒಳಗೆ ಕರಿದಾರ, ದಾರದಲ್ಲಿ ಎರಡು ಕರಿಮಣಿ, ನಡುವೆ ಒಂದು ಕಪ್ಪು ಬಿಲ್ಲೆ. ಭಾವ ಭೂತಗನ್ನಡಿ ತಂದ. ಅವನ ಕೈ ನಡುಗುತ್ತಿತ್ತು. ನಾನು ಇಣುಕಿದೆ. 10 ಸೆಂತಾವೊ. ಒಂದು, ಒಂಬತ್ತು, ಆರು, ಒಂದು. ಮೇಲಂಚಿಗೆ ಮೊಳೆ ಹೊಡೆದು ಮಾಡಿದ ತೂತು.

“ಇದೆಲ್ಲಿತ್ತು ಆಯೀ?”

“ನಿನ್ನ ಸೊಂಟದಲ್ಲಿ.”

ಗೋವಾ ಬಿಡುಗಡೆಯಾದ ಹೊಸತರಲ್ಲಿ ಮಾವ ಕಾಣಕೋಣಕ್ಕೆ ಹೋಗಿದ್ದರಂತೆ. ಅಲ್ಲಿ ಅಂಗಡಿಯವನು ಚಿಲ್ಲರೆಯಲ್ಲಿ ಇದನ್ನು ಸೇರಿಸಿ ಕೊಟ್ಟ. ಚೆಂಡಿಯಾದ ಅಂಗಡಿಯಲ್ಲಿ ಇದು ನಡೆಯಲಿಲ್ಲ. ಕೆಲವು ತಿಂಗಳಲ್ಲಿ ಭಾವ ಹುಟ್ಟಿದ. ನಡೆಯದ ದುಡ್ಡು ನಡೆಯಲಾರದ ಕೂಸಿನ ಸೊಂಟಕ್ಕಾಯಿತು, ದೃಷ್ಟಿಯಾಗದಿರಲಿ ಎಂದು ಅತ್ತೆ ಉಡಿದಾರಕ್ಕೆ ಕಟ್ಟಿದಳು. ಒಂದು ದೇಶದ ನಾಣ್ಯವನ್ನೆಲ್ಲ ಕಲೆಹಾಕಲು ಮುಂಬೈ ಮಡಗಾಂವ ಅಲೆದ ಕಲೆಕ್ಟರು, ಹುಟ್ಟಿದ್ದೇ ಆ ದೇಶದ ಕೊನೆಯ ನಾಣ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು. ಇದಕ್ಕಿಂತ ದೊಡ್ಡ ಗೇಲಿಯನ್ನು ನಾನು ಮಾಡಲಾರೆ. ಆ ದಿನ ಸುಮ್ಮನೆ ಕೂತೆ.

ಕ್ಯಾಶಿಯರ್ ಬುದ್ಧಿ ಎಲ್ಲಿ ಹೋಗುತ್ತದೆ! ಒಂದಷ್ಟು ಹೊತ್ತು ಕಳೆದ ಮೇಲೆ ಭಾವ, “ತೂತು ಬಿದ್ದದ್ದಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ” ಎಂದು ಗೊಣಗಿದ.

“ತೂತು ಇಲ್ಲದಿದ್ರೆ ಎಲ್ಲಿ ಉಳೀತಿತ್ತಾ ಇದು?” ಎಂದಳು ಅತ್ತೆ. “ಒಂದು ನೀನು ನುಂಗಿರ್ತಿದ್ದೆ, ಇಲ್ಲ ಗುಜರಿಗೆ ಹೋಗಿರ್ತಿತ್ತು.”

ಭಾವ ಮಾತಾಡದೆ ಆಲ್ಬಮ್ಮಿನ ಕೊನೆಯ ಕಿಸೆಗೆ ಅದನ್ನು ದಾರ, ಕರಿಮಣಿ ಸಮೇತ ಇಳಿಸಿದ. ಕಿಸೆ ಉಬ್ಬಿತು. ಪಟ್ಟಿಯಲ್ಲಿ ಕೊನೆಯ ಸಾಲಿಗೆ ಗುರುತು ಹಾಕಿ, ಸಿಕ್ಕಿದ ಸ್ಥಳ ಎಂಬಲ್ಲಿ ಏನು ಬರೆಯುವುದೆಂದು ಪೆನ್ನು ಹಿಡಿದು ಕೂತ. ಅತ್ತೆ ಹಿಂದಿನಿಂದ ಬಗ್ಗಿ ನೋಡಿದಳು.

“ತೀರಾ ಕಪ್ಪಾಗಿದೆ ಮಗಾ. ಒಂಚೂರು ಹುಣಸೆಹುಳಿ ಹಚ್ಚಿ ಕೊಡ್ಲಾ?”